ಘಾನಾದ ಮತದಾರ: ಪ್ರಜಾಪ್ರಭುತ್ವದ ಮೇಲೆ ಭರವಸೆ, ಪಕ್ಷಗಳ ಮೇಲೆ ಗುಮಾನಿ



ಪಶ್ಚಿಮ ಆಫ್ರಿಕಾದ ಘಾನಾ ದೇಶದ ಜನ ತಮ್ಮ ಪ್ರಜಾಪ್ರಭುತ್ವದ ಬಗ್ಗೆ, ಪಕ್ಷಗಳ ಬಗ್ಗೆ, ಲಂಚದ ಬಗ್ಗೆ ಏನು ಯೋಚಿಸುತ್ತಾರೆ ಎಂಬುದು ಈ ಹೊತ್ತಿನ ನನ್ನ ವಿಷಯ. ಆಫ್ರಿಕಾದ ರಾಜಕೀಯ ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಸೇನೆ ಅಧಿಕಾರ ಕಿತ್ತುಕೊಂಡಾಗ, ಇಲ್ಲವೇ ಯಾರೋ ಒಬ್ಬ ಅಧ್ಯಕ್ಷ ಬೊಕ್ಕಸ ಬರಿದು ಮಾಡಿದಾಗ. ಅಂಥ ಸುದ್ದಿಯನ್ನೇ ಓದಿ ಓದಿ, ಅಲ್ಲಿಯ ಜನಕ್ಕೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ ಎಂಬ ಮಾತು ಬಲ್ಲವರ ಬಾಯಲ್ಲೂ ಸಲೀಸಾಗಿ ಬರುತ್ತದೆ. ಅದು ತಪ್ಪು ಮಾತು, ಅನ್ಯಾಯದ ಮಾತು. ಘಾನಾದವರಿಗೆ ಪ್ರಜಾಪ್ರಭುತ್ವ ಬೇಕು, ಅದರ ಹೆಸರಿನಲ್ಲಿ ಪಕ್ಷಗಳು ನಡೆಸುವ ವ್ಯವಹಾರ ಬೇಡ. ಇವೆರಡನ್ನೂ ಬಿಡಿಸಿ ನೋಡುವುದನ್ನು ಅವರು ತುಂಬ ಕಷ್ಟಪಟ್ಟು ಕಲಿತಿದ್ದಾರೆ. ಆ ಕಲಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಜನಾಭಿಪ್ರಾಯ ತಿಳಿಯುವುದು ಹೇಗೆ? ಆಫ್ರಿಕಾದಲ್ಲಿ ಈ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿರುವ ಸಂಸ್ಥೆ ಆಫ್ರೋಬ್ಯಾರೋಮೀಟರ್. 1999ರಲ್ಲಿ ಶುರುವಾದ ಈ ಸಮೀಕ್ಷೆಯ ಮೊದಲ ಸುತ್ತು 12 ದೇಶಗಳಲ್ಲಿ ನಡೆಯಿತು, ಈಚಿನ ಸುತ್ತುಗಳು 39 ದೇಶಗಳನ್ನು ಮುಟ್ಟಿವೆ. ಇದರ ಕೇಂದ್ರ ಕಚೇರಿ ಇರುವುದು ಘಾನಾದ ರಾಜಧಾನಿ ಅಕ್ರಾದಲ್ಲಿ. ಸ್ಥಾಪಕರಲ್ಲಿ ಒಬ್ಬರಾದ ಪ್ರೊಫೆಸರ್ ಇ. ಗ್ಯಿಮಾ-ಬೊವಾಡಿ ಘಾನಾದವರೇ. ಘಾನಾದಲ್ಲಿ ಪ್ರತಿ ಸುತ್ತಿಗೆ ಸುಮಾರು 2,400 ವಯಸ್ಕರನ್ನು ಆರಿಸಿ, ಅವರ ಮನೆಗೇ ಹೋಗಿ, ಅವರು ಬಯಸಿದ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾರೆ. ಒಂದು ಮನೆಯಲ್ಲಿ ಗಂಡಸನ್ನು ಮಾತಾಡಿಸಿದರೆ ಮುಂದಿನ ಮನೆಯಲ್ಲಿ ಹೆಂಗಸನ್ನೇ ಮಾತಾಡಿಸಬೇಕು. ಎಲ್ಲ ಪ್ರಶ್ನೆಗಳೂ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ: ನಮ್ಮನ್ನು ಇಲ್ಲಿಗೆ ಯಾರು ಕಳಿಸಿದ್ದಾರೆ ಅಂತ ನಿಮಗನ್ನಿಸುತ್ತದೆ? ನಾವು ಸ್ವತಂತ್ರ ಸಂಸ್ಥೆಯವರು ಎಂದು ಮೊದಲೇ ಹೇಳಿರುತ್ತಾರೆ. ಆದರೂ ಬಹಳ ಜನ ಸರ್ಕಾರವೇ ಕಳಿಸಿರಬೇಕು ಎನ್ನುತ್ತಾರೆ. ಸರ್ಕಾರದವರು ಬಂದಿದ್ದಾರೆಂದು ಮನಸ್ಸಿನಲ್ಲಿ ಅಂದುಕೊಂಡೇ, ಅಷ್ಟು ಹೊತ್ತೂ ಸರ್ಕಾರವನ್ನು ಟೀಕಿಸಿದವರು ಅವರಲ್ಲಿ ಎಷ್ಟೋ ಮಂದಿ. ಸಮೀಕ್ಷೆಯ ಅಂಕಿಗಳನ್ನು ಓದುವಾಗ ನಾನು ಇದನ್ನು ಮರೆಯುವುದಿಲ್ಲ.

ಘಾನಾದಲ್ಲಿ ಪ್ರಜಾಪ್ರಭುತ್ವವೇ ಉಳಿದೆಲ್ಲ ಪದ್ಧತಿಗಳಿಗಿಂತ ಮೇಲು ಎನ್ನುವವರು ಹೆಚ್ಚುಕಡಿಮೆ ಮುಕ್ಕಾಲು ಪಾಲು. ಖಂಡದ ಸರಾಸರಿಗಿಂತ ಇದು ಹೆಚ್ಚು. ಅದೇ ಜನರಿಗೆ ಭ್ರಷ್ಟಾಚಾರ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು 2022ರಲ್ಲಿ ಕೇಳಿದಾಗ, ಏರುತ್ತಿದೆ ಎಂದವರೂ ಮುಕ್ಕಾಲು ಪಾಲು. ಯಾರ‍್ಯಾರು ಭ್ರಷ್ಟರು ಎಂದು ಕೇಳಿದರೆ ಸುತ್ತು ಸುತ್ತಿಗೂ ಪೊಲೀಸರೇ ಮೊದಲಿಗರು. ಅಧ್ಯಕ್ಷರ ಕಚೇರಿ, ಸಂಸದರು, ನ್ಯಾಯಾಧೀಶರು ಇವರ‍್ಯಾರನ್ನೂ ಜನ ಬಿಟ್ಟಿಲ್ಲ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ ಸೂಚ್ಯಂಕದಲ್ಲಿ 2014ರಲ್ಲಿ ನೂರಕ್ಕೆ 48 ಅಂಕ ಪಡೆದಿದ್ದ ಘಾನಾ 2024ರಲ್ಲಿ 42ಕ್ಕೆ ಇಳಿಯಿತು. ಜನರ ಅನಿಸಿಕೆ ಬರೀ ಗೊಣಗಾಟವಲ್ಲ ಎನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಇಷ್ಟು ಗುಮಾನಿ ಇದ್ದೂ ಭರವಸೆ ಉಳಿದಿದೆಯಲ್ಲ, ಅದು ಎಲ್ಲಿ ನೆಲೆಸಿದೆ? ನನ್ನ ಉತ್ತರ: ಮತಗಟ್ಟೆಯ ಎದುರಿನ ಬಯಲಿನಲ್ಲಿ.

ಘಾನಾದಲ್ಲಿ ಬೆಳಿಗ್ಗೆ ಏಳಕ್ಕೆ ಶುರುವಾದ ಮತದಾನ ಸಂಜೆ ಐದಕ್ಕೆ ಮುಗಿಯುತ್ತದೆ. ಮತಪೆಟ್ಟಿಗೆ ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ, ಶಾಲೆಯ ಜಗಲಿಯ ಮೇಲೋ ಮರದ ಕೆಳಗೋ ಮೇಜು ಹಾಕಿ, ಊರವರೆಲ್ಲ ನೋಡುತ್ತಿರುವಾಗಲೇ ಪೆಟ್ಟಿಗೆ ತೆರೆಯುತ್ತಾರೆ. ಅಧಿಕಾರಿ ಒಂದೊಂದೇ ಮತಪತ್ರವನ್ನು ಎತ್ತಿ ಹಿಡಿದು, ಹೆಬ್ಬೆಟ್ಟಿನ ಗುರುತು ಯಾರ ಚಿತ್ರದೆದುರು ಬಿದ್ದಿದೆ ಎಂದು ಏಜೆಂಟರಿಗೂ ಜನರಿಗೂ ತೋರಿಸಿ ಹೆಸರು ಕೂಗುತ್ತಾರೆ. ಸುತ್ತ ನಿಂತವರು ಜೊತೆಜೊತೆಗೇ ಗಟ್ಟಿಯಾಗಿ ಎಣಿಸುತ್ತಾರೆ. ಕತ್ತಲಾದರೆ ಟಾರ್ಚು, ಮೊಬೈಲ್ ಬೆಳಕು. ತಿರಸ್ಕೃತ ಮತ ಯಾವುದು ಎಂಬ ಜಗಳ ಅಲ್ಲೇ ಹುಟ್ಟಿ ಅಲ್ಲೇ ತೀರುತ್ತದೆ. ಕೊನೆಗೆ ಫಲಿತಾಂಶದ ನಮೂನೆಗೆ ಏಜೆಂಟರ ಸಹಿ ಬೀಳುತ್ತದೆ. ಅದರ ಗುಲಾಬಿ ಬಣ್ಣದ ನಕಲು, ಅಲ್ಲಿ ಎಲ್ಲರೂ ಪಿಂಕ್ ಶೀಟ್ ಎನ್ನುವ ಕಾಗದ, ಪಕ್ಷಗಳ ಕೈ ಸೇರುತ್ತದೆ. ನಮ್ಮಲ್ಲಿ ಮತಯಂತ್ರ ಮೊಹರು ಬಿದ್ದು ಸ್ಟ್ರಾಂಗ್ ರೂಮ್ ಸೇರುತ್ತದೆ, ಲೋಕಸಭಾ ಚುನಾವಣೆಯಲ್ಲಿ ಕೆಲವು ಕ್ಷೇತ್ರಗಳ ಎಣಿಕೆಗೆ ವಾರಗಟ್ಟಲೆ ಕಾಯುತ್ತೇವೆ. ಘಾನಾದ ಮತದಾರ ತನ್ನ ಬೀದಿಯ ಲೆಕ್ಕವನ್ನು ಅದೇ ರಾತ್ರಿ ಕಿವಿಯಾರೆ ಕೇಳಿ ಮನೆಗೆ ಹೋಗುತ್ತಾನೆ.

ಈ ಪದ್ಧತಿ ಪುಕ್ಕಟೆ ಬಂದದ್ದಲ್ಲ. 1957ರಲ್ಲಿ ಸ್ವಾತಂತ್ರ್ಯ ಪಡೆದ ಘಾನಾದಲ್ಲಿ 1964ರಲ್ಲಿ ಕ್ವಾಮೆ ಎನ್‌ಕ್ರುಮಾ ಏಕಪಕ್ಷ ಪದ್ಧತಿಗಾಗಿ ಜನಮತಗಣನೆ ನಡೆಸಿದರು. ಸರ್ಕಾರ ಪ್ರಕಟಿಸಿದ ಲೆಕ್ಕದಲ್ಲಿ ಶೇ. 99.9 ಮಂದಿ ಒಪ್ಪಿದ್ದರು. ಅಂಥ ಲೆಕ್ಕವನ್ನು ಯಾರು ನಂಬುತ್ತಾರೆ? ಎರಡು ವರ್ಷದಲ್ಲಿ ಸೇನೆ ಎನ್‌ಕ್ರುಮಾರನ್ನು ಇಳಿಸಿತು. 1978ರಲ್ಲಿ ಸೇನಾಡಳಿತಗಾರ ಜನರಲ್ ಅಚಾಂಪಾಂಗ್ ಇನ್ನೊಂದು ಜನಮತಗಣನೆ ತಂದರು. ಪಕ್ಷಗಳೇ ಬೇಡ, ಸೈನಿಕರು, ಪೊಲೀಸರು, ನಾಗರಿಕರು ಸೇರಿ ಆಳೋಣ ಎಂಬುದು ಅವರ ಪ್ರಸ್ತಾಪ. ಆಗ ಚುನಾವಣಾ ಆಯುಕ್ತರಾಗಿದ್ದವರು ನ್ಯಾಯಮೂರ್ತಿ ಐಸಾಕ್ ಅಬ್ಬಾನ್. ಮತ ಹಾಕಿದ ಜಾಗದಲ್ಲೇ ಎಣಿಕೆಯೂ ಆಗಬೇಕು ಎಂದು ಅವರು ಪಟ್ಟು ಹಿಡಿದರು. ಸೈನಿಕರು ಹುಡುಕಿಕೊಂಡು ಬಂದಾಗ ಜೀವ ಉಳಿಸಿಕೊಳ್ಳಲು ತಲೆಮರೆಸಿಕೊಳ್ಳಬೇಕಾಯಿತು. ಫಲಿತಾಂಶ ಅಚಾಂಪಾಂಗ್ ಪರವಾಗಿಯೇ ಬಂತು, ಜನ ಒಪ್ಪಲಿಲ್ಲ, ಮೂರು ತಿಂಗಳು ಕಳೆಯುತ್ತಲೇ ಅವರದೇ ಸಹೋದ್ಯೋಗಿಗಳು ಅವರನ್ನು ಕೆಳಗಿಳಿಸಿದರು. ಅಬ್ಬಾನ್ ಮುಂದೆ 1995ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಗಳಾದರು. ಎಣಿಕೆ ಎಲ್ಲಿ ನಡೆಯಬೇಕು ಎಂಬ ಒಂದೇ ಪ್ರಶ್ನೆಗಾಗಿ ಪ್ರಾಣ ಪಣಕ್ಕಿಟ್ಟ ಈ ಮನುಷ್ಯನ ಹೆಸರು ನಮ್ಮ ರಾಜ್ಯಶಾಸ್ತ್ರದ ತರಗತಿಗಳಲ್ಲಿ ಕೇಳಿಬರಬೇಕು.

1992ರ ಸಂವಿಧಾನದೊಂದಿಗೆ ಪಕ್ಷಗಳು ಮರಳಿದವು. ಅಲ್ಲಿಂದೀಚೆಗೆ ಎರಡೇ ದೊಡ್ಡ ಪಕ್ಷಗಳು: ಕೊಡೆ ಗುರುತಿನ ಎನ್‌ಡಿಸಿ, ಆನೆ ಗುರುತಿನ ಎನ್‌ಪಿಪಿ. 2001, 2009, 2017, 2025, ಹೀಗೆ ಎಂಟೆಂಟು ವರ್ಷಕ್ಕೊಮ್ಮೆ ಅಧಿಕಾರ ಕೈ ಬದಲಾಗಿದೆ. 2008ರ ಚುನಾವಣೆಯಂತೂ ಉಸಿರು ಬಿಗಿಹಿಡಿಸಿತು. ಎರಡನೇ ಸುತ್ತಿನ ನಂತರವೂ ಅಂತರ ಎಷ್ಟು ಕಡಿಮೆ ಇತ್ತೆಂದರೆ, ಮತದಾನ ತಪ್ಪಿಹೋಗಿದ್ದ ಟಯಿನ್ ಎಂಬ ಒಂದು ಗ್ರಾಮೀಣ ಕ್ಷೇತ್ರ 2009ರ ಜನವರಿ 2ರಂದು ಮತ ಹಾಕುವ ತನಕ ದೇಶವೇ ಕಾದು ಕುಳಿತಿತ್ತು. ಸುಮಾರು 90 ಲಕ್ಷ ಮತಗಳಲ್ಲಿ ಸುಮಾರು 40 ಸಾವಿರದ ಅಂತರದಿಂದ ಎನ್‌ಡಿಸಿಯ ಜಾನ್ ಅಟ್ಟಾ ಮಿಲ್ಸ್ ಗೆದ್ದರು. ಆಳುವ ಪಕ್ಷ ಅಧಿಕಾರ ಬಿಟ್ಟುಕೊಟ್ಟಿತು. 2012ರ ಫಲಿತಾಂಶದ ವಿರುದ್ಧ ಎನ್‌ಪಿಪಿ ಸುಪ್ರೀಂ ಕೋರ್ಟಿಗೆ ಹೋದಾಗ ವಿಚಾರಣೆಯನ್ನು ಟಿವಿಯಲ್ಲಿ ನೇರವಾಗಿ ತೋರಿಸಿದರು. ತಿಂಗಳುಗಟ್ಟಲೆ ದೇಶದ ಜನ ಪಿಂಕ್ ಶೀಟುಗಳ ಮೇಲಿನ ವಾದ ಕೇಳಿದರು. 2013ರ ಆಗಸ್ಟ್ 29ರಂದು ತೀರ್ಪು ಎದುರಾಗಿ ಬಂದಾಗ ಅಭ್ಯರ್ಥಿ ನಾನಾ ಅಕುಫೊ-ಅಡ್ಡೊ ಅದನ್ನು ಒಪ್ಪಿಕೊಂಡು ಸುಮ್ಮನಾದರು.

ಇಷ್ಟೆಲ್ಲ ಆದ ಮೇಲೂ ಜನ ಪಕ್ಷಗಳನ್ನೇಕೆ ನಂಬುವುದಿಲ್ಲ? ಮತದಾನದ ಮರುದಿನದಿಂದ ಮುಂದಿನ ಮತದಾನದವರೆಗೆ ನಡೆಯುವುದು ಬೇರೆಯೇ ಆಟ. ಗೆದ್ದವರಿಗೆ ಎಲ್ಲವೂ ಸೇರಬೇಕು ಎಂಬುದು ಅಲ್ಲಿಯ ಅಲಿಖಿತ ನಿಯಮ. ಸರ್ಕಾರ ಬದಲಾದ ವಾರದಲ್ಲೇ ಗೆದ್ದ ಪಕ್ಷದ ಕಾಲಾಳುಗಳು ಊರಿನ ಸಾರ್ವಜನಿಕ ಶೌಚಾಲಯ, 2021ರ ತನಕ ಇದ್ದ ಹೆದ್ದಾರಿಯ ಸುಂಕದಕಟ್ಟೆ, ವ್ಯಾನು-ಲಾರಿ ನಿಲ್ದಾಣಗಳನ್ನು ವಶಪಡಿಸಿಕೊಳ್ಳಲು ನುಗ್ಗುತ್ತಾರೆ. 2009ರಲ್ಲಿ ಒಂದು ಪಕ್ಷದವರು ಮಾಡಿದ್ದನ್ನೇ 2017ರಲ್ಲಿ ಇನ್ನೊಂದು ಪಕ್ಷದವರು ಮಾಡಿದರು. ಶೌಚಾಲಯ ಎಂದರೆ ಹಗುರಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಆ ಸೌಕರ್ಯವಿಲ್ಲದ ಲಕ್ಷಾಂತರ ಜನ ದಿನಾ ಕಾಸು ಕೊಟ್ಟು ಬಳಸುವ ಜಾಗ ಅದು, ದಿನಾ ಕಾಸು ಹುಟ್ಟುವ ಜಾಗ. ಪಕ್ಷಕ್ಕಾಗಿ ದುಡಿದ ಹುಡುಗರಿಗೆ ಅದೇ ಸಂಬಳ. 2017ರ ಏಪ್ರಿಲ್‌ನಲ್ಲಿ ಡೆಲ್ಟಾ ಫೋರ್ಸ್ ಎಂಬ ಗುಂಪಿನವರು ಕುಮಾಸಿ ನಗರದ ನ್ಯಾಯಾಲಯಕ್ಕೇ ನುಗ್ಗಿ, ವಿಚಾರಣೆಗೆ ಹಾಜರಾಗಿದ್ದ ತಮ್ಮ 13 ಮಂದಿಯನ್ನು ಬಿಡಿಸಿಕೊಂಡು ಹೋದರು. ಅದು ಆಳುವ ಪಕ್ಷದ ಬೆಂಬಲಿಗರ ಗುಂಪು. ಇಂಥ ಪಡೆಗಳನ್ನು ನಿಷೇಧಿಸುವ ಕಾನೂನು ಬಂದದ್ದು 2019ರಲ್ಲಿ, ಅಕ್ರಾದ ಒಂದು ಉಪಚುನಾವಣೆಯಲ್ಲಿ ಗುಂಡು ಹಾರಿದ ಮೇಲೆ.

ಪಕ್ಷ ಬದಲಾದಂತೆ ಹೆಸರೂ ಬದಲಾದ ಅಧ್ಯಕ್ಷರ ಭವನದ ಕಥೆಯಲ್ಲಿ ಭಾರತದ ನಂಟೂ ಇದೆ. ಭಾರತ ಸರ್ಕಾರದ ಸಾಲದ ನೆರವಿನಿಂದ, ಭಾರತೀಯ ಗುತ್ತಿಗೆದಾರರೇ ಕಟ್ಟಿದ ಈ ಭವನವನ್ನು 2008ರಲ್ಲಿ ಎನ್‌ಪಿಪಿಯ ಅಧ್ಯಕ್ಷ ಜಾನ್ ಕುಫೋರ್ ಗೋಲ್ಡನ್ ಜುಬಿಲಿ ಹೌಸ್ ಎಂಬ ಹೆಸರಿನಲ್ಲಿ ಉದ್ಘಾಟಿಸಿದರು. ಮರುವರ್ಷ ಬಂದ ಎನ್‌ಡಿಸಿ ಸರ್ಕಾರ ಹಳೆಯ ಹೆಸರಾದ ಫ್ಲ್ಯಾಗ್‌ಸ್ಟಾಫ್ ಹೌಸ್ ಅನ್ನೇ ಮತ್ತೆ ತಂದಿತು, ಅಧ್ಯಕ್ಷ ಮಿಲ್ಸ್ ಅಲ್ಲಿಗೆ ಹೋಗದೆ ಹಳೆಯ ಓಸು ಕೋಟೆಯಲ್ಲೇ ಉಳಿದರು. ಎನ್‌ಪಿಪಿ ಮರಳಿದ ಮೇಲೆ 2018ರಲ್ಲಿ ಹೆಸರು ಪುನಃ ಜುಬಿಲಿ ಹೌಸ್. ಸಾಲ ತೀರಿಸುವ ಪ್ರಜೆ ಮಾತ್ರ ಬದಲಾಗಲಿಲ್ಲ.

ಪಕ್ಷಕ್ಕೆ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ಯಾವ ಮರದ ಕೆಳಗೂ ಕೂಗಿ ಹೇಳುವುದಿಲ್ಲ. ಘಾನಾದ ಸೆಂಟರ್ ಫಾರ್ ಡೆಮಾಕ್ರಟಿಕ್ ಡೆವಲಪ್‌ಮೆಂಟ್ ಮತ್ತು ವೆಸ್ಟ್‌ಮಿನ್‌ಸ್ಟರ್ ಫೌಂಡೇಶನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಕ್ಷದ ಟಿಕೆಟ್ ಗಿಟ್ಟಿಸಿ ಸಂಸತ್ತಿಗೆ ಸ್ಪರ್ಧಿಸಲು ಒಬ್ಬ ಅಭ್ಯರ್ಥಿಗೆ ಸರಾಸರಿ ಸುಮಾರು 85 ಸಾವಿರ ಡಾಲರ್ ಬೇಕಾಗಿತ್ತು. 2012ರಿಂದ 2016ಕ್ಕೆ ಈ ಖರ್ಚು ಶೇ. 59ರಷ್ಟು ಏರಿತ್ತು. ಟಿಕೆಟ್ ನಿರ್ಧರಿಸುವುದು ಪಕ್ಷದ ಸ್ಥಳೀಯ ಪ್ರತಿನಿಧಿಗಳು. ಅವರನ್ನು ಒಲಿಸಿಕೊಳ್ಳಲು ನೋಟಿನಿಂದ ಹಿಡಿದು ಮೋಟರ್ ಬೈಕಿನವರೆಗೆ ಏನೆಲ್ಲ ಹಂಚಬೇಕೋ ಅದೆಲ್ಲ ಈ ಲೆಕ್ಕದೊಳಗೆ ಬರುತ್ತದೆ. ಸಾಲ ಮಾಡಿ ಗೆದ್ದವನು ಮೊದಲು ಸಾಲ ತೀರಿಸುತ್ತಾನೆ, ಆಮೇಲೆ ಊರಿನ ಕೆಲಸ. ನದಿಗಳನ್ನು ಕೆಸರು ಮಾಡಿ, ಪಾದರಸ ಬೆರೆಸಿ ಚಿನ್ನ ತೆಗೆಯುವ ಅಕ್ರಮ ಗಣಿಗಾರಿಕೆ, ಅಲ್ಲಿ ಗಲಾಮ್ಸೆ ಎಂದು ಕರೆಯುವ ಪಿಡುಗು, ಎರಡೂ ಪಕ್ಷಗಳ ಕಾಲದಲ್ಲಿ ಬೆಳೆಯಿತು. ಪ್ರಾ, ಆಂಕೋಬ್ರಾ, ಒಫಿನ್ ನದಿಗಳ ದಡದ ಜನಕ್ಕೆ ಆನೆ ಯಾವುದು, ಕೊಡೆ ಯಾವುದು ಎಂಬ ವ್ಯತ್ಯಾಸ ನೀರಿನ ಬಣ್ಣದಲ್ಲಿ ಕಾಣುವುದಿಲ್ಲ.

2021ರ ಜನವರಿ 7ರ ಬೆಳಗಿನ ಜಾವ ಸಂಸತ್ತಿನಲ್ಲಿ ನಡೆದದ್ದನ್ನು ಜನ ಟಿವಿಯಲ್ಲಿ ನೋಡಿದರು. ಎರಡೂ ಪಕ್ಷಗಳಿಗೆ 137-137 ಸ್ಥಾನ, ಒಬ್ಬ ಪಕ್ಷೇತರ. ಸಭಾಧ್ಯಕ್ಷರ ಆಯ್ಕೆಗೆ ಗುಪ್ತ ಮತದಾನ ನಡೆದಿತ್ತು. ಎಣಿಕೆಯ ಹೊತ್ತಿಗೆ ಆಳುವ ಪಕ್ಷದ ಸಂಸದರೊಬ್ಬರು ಮತಪತ್ರಗಳನ್ನು ಕಿತ್ತುಕೊಂಡು ಓಡಿದರು. ಗದ್ದಲ ಎದ್ದು, ಬಂದೂಕು ಹಿಡಿದ ಸೈನಿಕರು ಸದನದೊಳಗೆ ಬಂದರು. ಊರಿನ ಮರದ ಕೆಳಗೆ ಕೃಷಿ ಕೂಲಿಗಳು, ಮೀನು ಮಾರುವ ಹೆಂಗಸರು ಶಾಂತವಾಗಿ ಮಾಡಿ ಮುಗಿಸಿದ್ದ ಎಣಿಕೆಯನ್ನು ಸಂಸತ್ತಿನ ಸದಸ್ಯರು 275 ಮತಗಳಿಗೂ ಮಾಡಲಾರದೆ ಹೋದರು. ಕೊನೆಗೆ ವಿರೋಧ ಪಕ್ಷದ ಆಲ್ಬನ್ ಬಾಗ್ಬಿನ್ ಸಭಾಧ್ಯಕ್ಷರಾದರು. ಪಕ್ಷಗಳ ಬಗ್ಗೆ ಸಮೀಕ್ಷೆಯಲ್ಲಿ ಕಾಣುವ ಅಪನಂಬಿಕೆಗೆ ಇಂಥ ರಾತ್ರಿಗಳ ಬುನಾದಿ ಇದೆ.

ಭ್ರಷ್ಟಾಚಾರದ ವಿಷಯದಲ್ಲಿ ಜನರ ಅನುಭವ ಕೆಳಗಿನಿಂದ ಶುರುವಾಗುತ್ತದೆ. ಟ್ರೋಟ್ರೋ ಎನ್ನುವ ಬಾಡಿಗೆ ವ್ಯಾನುಗಳೇ ಅಲ್ಲಿಯ ಸಾಮಾನ್ಯರ ವಾಹನ. ರಸ್ತೆ ತಡೆಯಲ್ಲಿ ಪೊಲೀಸರು ಕೈ ತೋರಿಸಿದರೆ ಚಾಲಕ ಲೈಸೆನ್ಸಿನ ಮಡಿಕೆಯಲ್ಲಿ ಒಂದು ನೋಟು ಇಟ್ಟು ಕೊಡುತ್ತಾನೆ, ಲೈಸೆನ್ಸು ನೋಟಿಲ್ಲದೆ ಮರಳುತ್ತದೆ, ವ್ಯಾನು ಹೊರಡುತ್ತದೆ. ಒಳಗೆ ಕುಳಿತ ಪ್ರಯಾಣಿಕರೆಲ್ಲ ಸಾಕ್ಷಿಗಳು. ಸಮೀಕ್ಷೆಯಲ್ಲಿ ಪೊಲೀಸರಿಗೆ ಮೊದಲ ಸ್ಥಾನ ಸಿಗುವುದು ಈ ಸಾಕ್ಷ್ಯದಿಂದ. ಮೇಲಿನವರದು ಕಾಣುವುದು ಅಪರೂಪಕ್ಕೆ. 2023ರ ಜುಲೈನಲ್ಲಿ ನೈರ್ಮಲ್ಯ ಖಾತೆಯ ಸಚಿವೆಯೊಬ್ಬರ ಮನೆಗೆಲಸದವರ ಮೇಲೆ ಕಳ್ಳತನದ ಮೊಕದ್ದಮೆ ಹೂಡಿದಾಗ, ಕಳುವಾಯಿತೆಂದು ಆಪಾದನಾ ಪಟ್ಟಿಯಲ್ಲಿ ಬರೆದದ್ದು 10 ಲಕ್ಷ ಡಾಲರ್, 3 ಲಕ್ಷ ಯೂರೋ. ಅಷ್ಟು ಹಣ ಮನೆಯಲ್ಲಿ ಏಕಿತ್ತು ಎಂದು ದೇಶ ಕೇಳಿತು. ಆ ಮೊತ್ತ ನಿಜವಲ್ಲ ಎಂದು ಹೇಳಿ ಸಚಿವೆ ರಾಜೀನಾಮೆ ಕೊಟ್ಟರು, ಹಣ ಲಂಚದ್ದೆಂದು ಸಾಬೀತಾಗಲಿಲ್ಲ. ಆದರೆ ಅದಕ್ಕೆ ಏಳು ತಿಂಗಳ ಹಿಂದೆಯಷ್ಟೇ ದೇಶ ವಿದೇಶಿ ಸಾಲ ತೀರಿಸಲಾಗದೆ ಕೈಚೆಲ್ಲಿತ್ತು, 2022ರ ಡಿಸೆಂಬರಿನಲ್ಲಿ ಹಣದುಬ್ಬರ ಶೇ. 54 ಮುಟ್ಟಿತ್ತು. ಸಂತೆಯಲ್ಲಿ ಟೊಮೆಟೊ ಕೊಳ್ಳಲಾಗದ ಹೆಂಗಸಿಗೆ ಆ ಆಪಾದನಾ ಪಟ್ಟಿ ಹೇಗೆ ಕೇಳಿಸಿರಬೇಕು, ನೀವೇ ಊಹಿಸಿ.

ದೂರು ಕೊಡಬಹುದಲ್ಲ ಎಂದರೆ, ಕೊಟ್ಟವರಿಗೆ ಅಪಾಯ ತಪ್ಪಿದ್ದಲ್ಲ ಎಂದು ಹೆಚ್ಚಿನವರು ಸಮೀಕ್ಷೆಯಲ್ಲಿ ಹೇಳಿದ್ದಾರೆ. ಆ ಭಯಕ್ಕೆ ಕಾರಣವಿದೆ. ಮುಖ ತೋರಿಸದೆ ಕೆಲಸ ಮಾಡುವ ಪತ್ರಕರ್ತ ಅನಾಸ್ ಅರೆಮೆಯಾವ್ ಅನಾಸ್ 2015ರಲ್ಲಿ ಮೂವತ್ತಕ್ಕೂ ಹೆಚ್ಚು ನ್ಯಾಯಾಧೀಶರು, ಮ್ಯಾಜಿಸ್ಟ್ರೇಟರು ಲಂಚದ ಬಲೆಗೆ ಬಿದ್ದದ್ದನ್ನು ರಹಸ್ಯ ಕ್ಯಾಮೆರಾದಲ್ಲಿ ಸೆರೆಹಿಡಿದರು. ಅದನ್ನು ಅಕ್ರಾದಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಿದಾಗ ಜನ ಸಾಲುಗಟ್ಟಿ ನಿಂತು ನೋಡಿದರು. ಹಲವರು ಹುದ್ದೆ ಕಳೆದುಕೊಂಡರು. 2018ರಲ್ಲಿ ಅನಾಸ್ ತಂಡ ಫುಟ್‌ಬಾಲ್ ಆಡಳಿತದ ಹೂರಣ ಬಯಲು ಮಾಡಿತು. ಆ ತಂಡದ ಅಹ್ಮದ್ ಸುಆಲೆಯ ಚಿತ್ರವನ್ನು ಸಂಸದರೊಬ್ಬರು ಟಿವಿಯಲ್ಲಿ ತೋರಿಸಿ, ಕಂಡಲ್ಲಿ ಹೊಡೆಯಿರಿ ಎಂಬ ಧಾಟಿಯಲ್ಲಿ ಮಾತಾಡಿದ್ದರು. 2019ರ ಜನವರಿಯಲ್ಲಿ ಅಹ್ಮದ್ ಸುಆಲೆಯನ್ನು ಅಕ್ರಾದ ಮದೀನಾ ಬಡಾವಣೆಯಲ್ಲಿ ಗುಂಡಿಟ್ಟು ಕೊಂದರು. ದೂರು ಕೊಡಲು ಹೆದರುವ ಜನರನ್ನು ಹೇಡಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರುತ್ತೇನೆ. ಆಫ್ರೋಬ್ಯಾರೋಮೀಟರ್ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ, 39 ದೇಶಗಳಲ್ಲಿ ಶೇ. 66 ಮಂದಿ ಪ್ರಜಾಪ್ರಭುತ್ವವೇ ಮೇಲು ಎಂದಿದ್ದಾರೆ. ಆದರೆ ಚುನಾಯಿತ ನಾಯಕರು ಅಧಿಕಾರ ದುರುಪಯೋಗ ಮಾಡಿದರೆ ಸೇನೆ ಬರಬಹುದು ಎಂದವರು ಶೇ. 53. ದಕ್ಷಿಣ ಆಫ್ರಿಕಾದಲ್ಲಿ ಪ್ರಜಾಪ್ರಭುತ್ವದ ಬೆಂಬಲ ಒಂದು ದಶಕದಲ್ಲಿ 29 ಅಂಶ, ಮಾಲಿಯಲ್ಲಿ 23 ಅಂಶ ಕುಸಿದಿದೆ. ಘಾನಾದ ಉತ್ತರದ ಗಡಿಗೆ ಹೊಂದಿಕೊಂಡ ಬುರ್ಕಿನಾ ಫಾಸೊದಲ್ಲಿ 2022ರಿಂದ ಸೈನಿಕರ ಆಳ್ವಿಕೆ ಇದೆ, ಘಾನಾದ ಯುವಕರಲ್ಲೂ ಅದನ್ನು ಮೆಚ್ಚುವವರಿದ್ದಾರೆ.

ಆ ಯುವಕರು 1979 ಕಂಡವರಲ್ಲ. ಆ ವರ್ಷದ ಜೂನ್ 4ರಂದು ಫ್ಲೈಟ್ ಲೆಫ್ಟಿನೆಂಟ್ ಜೆರ‍್ರಿ ರಾಲಿಂಗ್ಸ್ ಬೆಂಬಲಿಗ ಸೈನಿಕರು ದಂಗೆ ಎದ್ದು, ಭ್ರಷ್ಟಾಚಾರ ತೊಳೆಯುತ್ತೇವೆ ಎಂದರು. ಮೂವರು ಮಾಜಿ ಆಡಳಿತಗಾರರಾದ ಅಚಾಂಪಾಂಗ್, ಅಫ್ರಿಫಾ, ಅಕುಫೊ ಸೇರಿ ಎಂಟು ಮಂದಿ ಹಿರಿಯ ಸೇನಾಧಿಕಾರಿಗಳನ್ನು ಅಕ್ರಾದ ಟೆಶಿ ಎಂಬಲ್ಲಿ ಗುಂಡಿಟ್ಟು ಕೊಂದರು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇನ್ನೂ ರಕ್ತ ಹರಿಯಲಿ ಎಂದು ಮೆರವಣಿಗೆ ಮಾಡಿದರು. ಆಮೇಲೆ ಬಂದೂಕು ತಿರುಗಿದ್ದು ಯಾರ ಕಡೆಗೆ? ಬೆಲೆ ಏರಿಕೆಗೆ ಕಾರಣ ಸಂತೆಯ ಹೆಂಗಸರು ಎಂದು, ಅವರು ತಲೆಮಾರುಗಳಿಂದ ವ್ಯಾಪಾರ ಮಾಡುತ್ತಿದ್ದ ಅಕ್ರಾದ ಮಕೋಲಾ ಮಾರುಕಟ್ಟೆಯನ್ನು ಅದೇ ಆಗಸ್ಟಿನಲ್ಲಿ ಡೈನಮೈಟ್ ಇಟ್ಟು ಕೆಡವಿದರು. ರಾಲಿಂಗ್ಸ್ ಎರಡನೇ ಸಲ ಅಧಿಕಾರ ಹಿಡಿದ ಮೇಲೆ, 1982ರ ಜೂನ್ 30ರ ರಾತ್ರಿ ಮೂವರು ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಮನೆಯಿಂದ ಎಳೆದೊಯ್ದು ಕೊಂದರು. ಅವರಲ್ಲಿ ಒಬ್ಬರು ಮೊಲೆಯುಣ್ಣುವ ಮಗುವಿದ್ದ ತಾಯಿ, ನ್ಯಾಯಮೂರ್ತಿ ಸೆಸಿಲಿಯಾ ಕೊರಾಂಟೆಂಗ್-ಅಡ್ಡೊ. ಭ್ರಷ್ಟರನ್ನು ಸಾಲಾಗಿ ನಿಲ್ಲಿಸಿ ಗುಂಡು ಹೊಡೆಯಬೇಕು ಎಂಬ ಮಾತನ್ನು ನಮ್ಮ ಬಸ್ಸು, ಹೋಟೆಲು, ಕಟ್ಟೆಗಳಲ್ಲೂ ಕೇಳುತ್ತೇವೆ. ವಿದ್ಯಾರ್ಥಿ ಮಿತ್ರರೇ, ಹಾಗೆ ಹೊಡೆದ ದೇಶದಲ್ಲಿ ಏನಾಯಿತು ಎಂಬುದನ್ನು ದಯವಿಟ್ಟು ಓದಿ. ಗುಂಡು ಮುಗಿದರೂ ಲಂಚ ಮುಗಿಯಲಿಲ್ಲ. ಘಾನಾದ ಹಳೆಯ ತಲೆಮಾರು ಸೇನೆಯನ್ನು ದೂರವಿಡುವುದು ಈ ನೆನಪಿನಿಂದ.

2024ರ ಡಿಸೆಂಬರ್ 7ರ ಚುನಾವಣೆ ಈ ಜನರ ಮನಸ್ಸನ್ನು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ತೋರಿಸಿತು. ಆಳುವ ಪಕ್ಷದ ಅಭ್ಯರ್ಥಿ, ಉಪಾಧ್ಯಕ್ಷ ಮಹಮುದು ಬಾವುಮಿಯಾ ಅಧಿಕೃತ ಘೋಷಣೆಗೂ ಮುಂಚೆ, ಮರುದಿನ ಬೆಳಿಗ್ಗೆಯೇ ಸೋಲೊಪ್ಪಿಕೊಂಡು ಎನ್‌ಡಿಸಿಯ ಅಭ್ಯರ್ಥಿ ಜಾನ್ ಮಹಾಮಾ ಅವರಿಗೆ ಫೋನ್ ಮಾಡಿದರು. ತಮ್ಮ ಏಜೆಂಟರು ಕಳಿಸಿದ ಮತಗಟ್ಟೆಯ ಲೆಕ್ಕ ಅವರ ಕೈಯಲ್ಲೇ ಇತ್ತು, ಕಾಯುವ ಅಗತ್ಯ ಇರಲಿಲ್ಲ. ಮಹಾಮಾ ಶೇ. 56ಕ್ಕೂ ಹೆಚ್ಚು ಮತ ಪಡೆದರು. ಆದರೆ 2020ರಲ್ಲಿ 62 ಲಕ್ಷ ಮತ ಪಡೆದು ಸೋತಿದ್ದ ಮಹಾಮಾಗೆ ಈ ಸಲ ಸಿಕ್ಕಿದ್ದು ಅದಕ್ಕಿಂತ ಸ್ವಲ್ಪವೇ ಹೆಚ್ಚು. ಎನ್‌ಪಿಪಿ ಮಾತ್ರ 67 ಲಕ್ಷದಿಂದ 50 ಲಕ್ಷದ ಕೆಳಗೆ ಬಿತ್ತು. ಮತದಾನ ಸುಮಾರು ಶೇ. 79ರಿಂದ 60ರ ಆಸುಪಾಸಿಗೆ ಇಳಿಯಿತು. ಆನೆಗೆ ಒತ್ತುತ್ತಿದ್ದ ಲಕ್ಷಾಂತರ ಬೆರಳುಗಳು ಕೊಡೆಗೂ ಒತ್ತದೆ ಮನೆಯಲ್ಲೇ ಉಳಿದವು ಎಂದು ನಾನು ಇದನ್ನು ಓದುತ್ತೇನೆ. ಇದನ್ನು ನಿರಾಸಕ್ತಿ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ತಮ್ಮ ಪಕ್ಷವನ್ನು ಶಿಕ್ಷಿಸಬೇಕು, ಎದುರಾಳಿಗೆ ಖಾಲಿ ಚೆಕ್ಕು ಕೊಡಬಾರದು ಎಂಬ ತೀರ್ಮಾನ ಅದರಲ್ಲಿದೆ.

ಇನ್ನೊಂದು ವಿಷಯದಲ್ಲಿ ಜನರ ಬೇಡಿಕೆ ತೀರ ಸ್ಪಷ್ಟ. ಘಾನಾದಲ್ಲಿ 261 ಸ್ಥಳೀಯ ಸಭೆಗಳಿವೆ, ಅವುಗಳ ಮುಖ್ಯಾಡಳಿತಗಾರರನ್ನು ನೇಮಿಸುವುದು ದೇಶದ ಅಧ್ಯಕ್ಷರು, ಸಭೆಯ ಮೂರನೇ ಎರಡು ಭಾಗದ ಒಪ್ಪಿಗೆಯೊಂದಿಗೆ. ಆ ಒಪ್ಪಿಗೆಯ ಬೆಲೆ ಏನೆಂಬುದನ್ನು 2021ರಲ್ಲಿ ಜುಆಬೆನ್ ಎಂಬ ಊರಿನಿಂದ ಬಂದ ವಿಡಿಯೋದಲ್ಲಿ ಜನ ನೋಡಿದರು. ಒಪ್ಪಿಗೆ ಸಿಗದ ನಾಮನಿರ್ದೇಶಿತ ವ್ಯಕ್ತಿ ಸದಸ್ಯರ ಬಳಿ ಹಣ ವಾಪಸ್ ಕೇಳುತ್ತಿರುವ ದೃಶ್ಯ ಎಂದು ಅದು ದೇಶವೆಲ್ಲ ಹರಡಿತು, ವಿಶೇಷ ಪ್ರಾಸಿಕ್ಯೂಟರ್ ಮೊಕದ್ದಮೆ ಹೂಡಿದರು. ಈ ಹುದ್ದೆಗೆ ನೇರ ಚುನಾವಣೆ ಬೇಕು ಎಂದು ಸಮೀಕ್ಷೆಗಳಲ್ಲಿ ಬಹುಮತ ಬಂದಿದೆ. ಸ್ಥಳೀಯ ಚುನಾವಣೆಗೆ ಪಕ್ಷಗಳು ಬರುವಂತಿಲ್ಲ ಎಂಬ ಸಂವಿಧಾನದ ನಿಯಮವನ್ನು ತೆಗೆಯಲು 2019ರ ಡಿಸೆಂಬರಿನಲ್ಲಿ ಜನಮತಗಣನೆ ಗೊತ್ತಾಗಿತ್ತು. ವಿರೋಧ ಬಲವಾಗಿ ಎದ್ದಾಗ ಅಧ್ಯಕ್ಷ ಅಕುಫೊ-ಅಡ್ಡೊ ಅದನ್ನು ರದ್ದುಮಾಡಿದರು, ಅದರ ಜೊತೆಗೆ ನೇರ ಚುನಾವಣೆಯ ಪ್ರಸ್ತಾಪವೂ ಮೂಲೆಗೆ ಬಿತ್ತು.

2025ರ ಜನವರಿಯಲ್ಲಿ ಮಹಾಮಾ ಸಂವಿಧಾನ ಪರಿಶೀಲನಾ ಸಮಿತಿ ನೇಮಿಸಿದರು. ಅದರ ಮುಖ್ಯಸ್ಥ ಪ್ರೊಫೆಸರ್ ಹೆನ್ರಿ ಕ್ವಾಸಿ ಪ್ರೆಂಪೆ, ಘಾನಾದಲ್ಲಿ ಆಫ್ರೋಬ್ಯಾರೋಮೀಟರ್ ಸಮೀಕ್ಷೆ ನಡೆಸುವ ಸೆಂಟರ್ ಫಾರ್ ಡೆಮಾಕ್ರಟಿಕ್ ಡೆವಲಪ್‌ಮೆಂಟ್‌ನ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದವರು. ಜನ ಏನು ಹೇಳಿದ್ದಾರೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಆದರೂ ಅದೇ ವರ್ಷ ಮಹಾಮಾ ಸರ್ಕಾರವೂ ಸ್ಥಳೀಯ ಸಭೆಗಳ ಮುಖ್ಯಾಡಳಿತಗಾರರನ್ನು ಹಳೆಯ ಕ್ರಮದಲ್ಲೇ, ಅಧ್ಯಕ್ಷರ ಪಟ್ಟಿಯಿಂದಲೇ, ನೇಮಿಸಿತು.